ಹಾಜರಿ ಪದ್ಯ

ಅತ್ತಿಗೆ ನಾದಿನಿಯರನ್ನು ಒಂದೇ ಮನೆಯಲ್ಲಿ ಇಟ್ಟುಕೊಂಡು ನೆಮ್ಮದಿಯಾಗಿರುವುದೇ ಕಷ್ಟ. ಅಂಥದ್ದರಲ್ಲಿ ಇವರಿಬ್ಬರನ್ನು ಒಂದೇ ಶಾಲೆಯಲ್ಲಿ, ಮೂರನೇ ತರಗತಿಯ ಎರಡು ವಿಭಾಗಗಳಿಗೆ ಟೀಚರಾಗಿ ಹಾಕಿ, ನಡುವೆ ಒಂದು ಪ್ಲೈವುಡ್ ಹಲಗೆ ನಿಲ್ಲಿಸಿದ ಪುಣ್ಯಾತ್ಮರು ಯಾರೋ, ಅವರಿಗೊಂದು ದೊಡ್ಡ ನಮಸ್ಕಾರ. ಹಲಗೆ ಚಾವಣಿಯನ್ನು ಮುಟ್ಟುತ್ತಿರಲಿಲ್ಲ. ಒಂದು ಕಡೆ ಪೆನ್ಸಿಲ್ ಬಿದ್ದರೆ ಇನ್ನೊಂದು ಕಡೆಯ ಮಕ್ಕಳು ಬೆಂಚಿನ ಕೆಳಗೆ ಬಗ್ಗಿ ಹುಡುಕುತ್ತಿದ್ದರು.

ಎ ವಿಭಾಗ ಅತ್ತಿಗೆಯದು, ಬಿ ವಿಭಾಗ ನಾದಿನಿಯದು. ಮಕ್ಕಳು ಇಬ್ಬರಿಗೂ ಹೆಸರಿಟ್ಟಿದ್ದರು: ಅತ್ತಿಗೆ ಪದ್ಯ ಮಿಸ್, ನಾದಿನಿ ಮಗ್ಗಿ ಮಿಸ್. ಮಗ್ಗಿ ಮಿಸ್‌ಗೆ ಆ ಹೆಸರು ಗೊತ್ತಿತ್ತು, ಅದರ ಬಗ್ಗೆ ಒಳಗೊಳಗೇ ಹೆಮ್ಮೆಯೂ ಇತ್ತು. ಅವಳ ಮಕ್ಕಳು ಹದಿಮೂರರ ಮಗ್ಗಿಯನ್ನು ನಿದ್ದೆಗಣ್ಣಲ್ಲೂ ಒಪ್ಪಿಸುತ್ತಿದ್ದರು. ಮಧ್ಯೆ ಉಸಿರು ಎಳೆದುಕೊಳ್ಳಲು ನಿಲ್ಲಿಸಿದವರು ಬೆಲ್ ಹೊಡೆಯುವವರೆಗೂ ಬೆಂಚಿನ ಮೇಲೆ ನಿಂತಿರಬೇಕು. ಅವಳ ಲೆಕ್ಕದಲ್ಲಿ ಸುಮ್ಮನಾಗುವುದೆಂದರೆ ಬಾರದಿರುವುದು, ಅದರಲ್ಲಿ ಎರಡನೆಯ ಮಾತಿಲ್ಲ.

ಆ ವರ್ಷ ಶಾಲೆ ತೆರೆದ ದಿನವೇ ಅತ್ತಿಗೆ ಟೀಚರುಗಳ ಸಭೆಯಲ್ಲಿ ಎದ್ದು ನಿಂತು, ತನ್ನ ತರಗತಿಯಲ್ಲಿ ವರ್ಷಪೂರ್ತಿ ಪದ್ಯ ನಡೆಯುತ್ತದೆ ಎಂದು ಘೋಷಿಸಿದ್ದಳು. ತಿಂಗಳಿಗೊಂದು ಪದ್ಯ, ಪುಸ್ತಕದ್ದಲ್ಲ, ಮಕ್ಕಳೇ ಕಟ್ಟಿದ್ದು. ದಿನಾ ಬೆಳಿಗ್ಗೆ ಮೊದಲ ಕೆಲಸ ಅದೇ. ಹೆಡ್ ಮೇಡಂ ಪೆನ್ನಿನ ಮುಚ್ಚಳ ಕಚ್ಚುತ್ತಾ, "ಪಾಠ ಯಾವಾಗ ಮಾಡ್ತೀರಿ?" ಎಂದರು. ಎಲ್ಲರೂ ನಕ್ಕರು. ಮಗ್ಗಿ ಮಿಸ್ ಉಳಿದವರಿಗಿಂತ ಸ್ವಲ್ಪ ಜೋರಾಗಿಯೇ ನಕ್ಕಳು. ಅತ್ತಿಗೆ ಯಾರ ಕಡೆಯೂ ನೋಡದೆ ಕುಳಿತುಕೊಂಡಳು. ಮತ್ತೆಂದೂ ಆ ಪದ್ಯದ ಬಗ್ಗೆ ಶಾಲೆಯಲ್ಲಿ ಯಾರಿಗೂ ಒಂದಕ್ಷರ ವಿವರಿಸಲಿಲ್ಲ. ಅವಳ ಸ್ವಭಾವವೇ ಅಂಥದ್ದು. ನಕ್ಕವರಿಗೆ ತಿಳಿಹೇಳುವ ಹೆಣ್ಣಲ್ಲ.

ಮೊದಲ ತಿಂಗಳು ನೆರಳಿನ ಮೇಲೆ, ಆಮೇಲೆ ಬೀಗದ ಮೇಲೆ, ಗಾಳಿಕಾಲ ಬಂದಾಗ ಗಾಳಿಯ ಮೇಲೆ. ಮಗ್ಗಿ ಮಿಸ್ ಈ ಕಡೆ ಭಾಗಾಕಾರದ ಲೆಕ್ಕ ಬರೆಯಲು ಬೋರ್ಡಿನ ಕಡೆ ತಿರುಗುವುದೇ ತಡ, ಆ ಕಡೆ ಒಂದೊಂದೇ ಮಗುವಿನ ದನಿ ಏಳುತ್ತಿತ್ತು:

"ಗಾಳಿಗೆ ಯಾರೋ ಚಪ್ಪಲಿ ಕೊಟ್ಟರು."

"ಬಾಗಿಲ ಹಿಂದೆ ಬಿಟ್ಟು ಹೋಯಿತು."

ಆಮೇಲೆ ಏನೂ ಇಲ್ಲ. ಒಂದು ಸಾಲು ಹೇಳುವಷ್ಟು ಹೊತ್ತು ಆ ಕಡೆ ಪಿಟ್ಟೆನ್ನುತ್ತಿರಲಿಲ್ಲ. ಮತ್ತೆ ಇನ್ಯಾವುದೋ ದನಿ ಇನ್ಯಾವುದೋ ಸಾಲನ್ನು ಹಿಡಿದು ಮುಂದೆ ಹೋಗುತ್ತಿತ್ತು. ಒಂದೊಂದು ದಿನ ಇಂಥ ತೂತು ಒಂದೇ, ಒಂದೊಂದು ದಿನ ಮೂರು ನಾಲ್ಕು. ಮಗ್ಗಿ ಮಿಸ್ ಸೀಮೆಸುಣ್ಣ ಹಿಡಿದು ನಿಂತಲ್ಲೇ ಮುಗುಳ್ನಗುತ್ತಿದ್ದಳು. ತಿಂಗಳುಗಟ್ಟಲೆ ಉರು ಹೊಡೆಸಿದರೂ ಮಧ್ಯೆ ಮಧ್ಯೆ ಮರೆತು ಬಾಯಿ ಮುಚ್ಚುತ್ತವೆ, ಇದೂ ಒಂದು ಪಾಠವೇ! ಕೆಲವು ದಿನ ಪದ್ಯ ಎಲ್ಲೂ ನಿಲ್ಲದೆ ಕೊನೆ ಮುಟ್ಟುತ್ತಿದ್ದುದನ್ನೂ ಅವಳು ಕೇಳಿದ್ದಳು. ಅವತ್ತು ನೋಡಿಕೊಂಡು ಓದಿರುತ್ತವೆ ಎಂದುಕೊಂಡಳು. ಆಗದವರ ವಿಷಯದಲ್ಲಿ ಮನುಷ್ಯರ ಬುದ್ಧಿ ಬಹಳ ಚುರುಕು.

ಈ ಆಗದಿರುವಿಕೆಗೆ ಬೇರು ಮನೆಯಲ್ಲಿತ್ತು. ಮಗ್ಗಿ ಮಿಸ್ ಗಂಡನ ಜೊತೆ ಬಾಳಲಾರದೆ ಒಂದು ಸೂಟ್‌ಕೇಸ್ ಹಿಡಿದು ಅಣ್ಣನ ಮನೆಗೆ ಬಂದವಳು. ಅಣ್ಣ ಏನೂ ಅನ್ನಲಿಲ್ಲ. ಅತ್ತಿಗೆಯೂ ಏನೂ ಅನ್ನಲಿಲ್ಲ, ತನ್ನ ಬಟ್ಟೆಗಳನ್ನು ಒತ್ತರಿಸಿ ಬೀರುವಿನ ಎರಡು ಅಂಕಣ ಬಿಟ್ಟುಕೊಟ್ಟಳು. ಶಾಲೆಯಲ್ಲಿ ಹೇಳಿ ಕೆಲಸ ಕೊಡಿಸಿದವಳೂ ಅವಳೇ. ಆ ಋಣವೇ ಅವಳನ್ನು ಚುಚ್ಚುತ್ತಿತ್ತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಉಪಕಾರ ಮಾಡಿ ಸುಮ್ಮನಿರುವವರನ್ನು ಏನು ಮಾಡುವುದು? ಸಂಬಳ ಬರತೊಡಗಿದ ಮೇಲೆ ಮಗ್ಗಿ ಮಿಸ್ ಊಟದ ತಟ್ಟೆಯ ಮುಂದೆ ನೆಟ್ಟಗೆ ಕುಳಿತುಕೊಳ್ಳುವುದನ್ನು ಕಲಿತಿದ್ದಳು. ಆ ಕೆಲಸವೊಂದು ಇಲ್ಲದಿದ್ದರೆ ತಾನು ಮತ್ತೆ ಸೂಟ್‌ಕೇಸ್ ಹಿಡಿದು ಬಂದವಳೇ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಒಂದು ಸಂಜೆ ತರಕಾರಿ ಹೆಚ್ಚುತ್ತಾ ಅವಳೇ ಕಾಲು ಕೆರೆದಳು.

"ಅತ್ತಿಗೆ, ನಿಮ್ಮ ಗಾಳಿ ಪದ್ಯದಿಂದ ನನ್ನ ಮಕ್ಕಳ ಲೆಕ್ಕ ಗಾಳಿಗೆ ಹೋಗ್ತಿದೆ. ಸ್ವಲ್ಪ ಮೆಲ್ಲಗೆ ಹೇಳಿಸಿ."

"ನಿನ್ನ ಮಗ್ಗಿ ಕೇಳಿ ಕೇಳಿ ನನ್ನ ಮಕ್ಕಳು ಕನಸಲ್ಲಿ ಬೆಚ್ಚಿ ಬೀಳ್ತಿದ್ದಾರೆ. ನಾನೇನಾದ್ರೂ ಅಂದ್ನಾ?"

"ನನ್ನ ಮಕ್ಕಳಿಗೆ ಹೇಳಿಕೊಟ್ಟಿದ್ದು ಬರುತ್ತೆ. ನಿಮ್ಮ ಮಕ್ಕಳ ತರ ಅಲ್ಲ."

"ಏನು ಹಾಗಂದ್ರೆ?"

ಅಷ್ಟರಲ್ಲಿ ಅಣ್ಣ ಪತ್ರಿಕೆಯನ್ನು ಮೇಜಿನ ಮೇಲೆ ಬಡಿದು, "ಸಾಕು! ಈ ಮನೆಯಲ್ಲಿ ಇನ್ನು ಶಾಲೆಯ ಮಾತು ಯಾರೂ ಎತ್ತಬಾರದು. ನನಗೆ ದಿನವಿಡೀ ಆಫೀಸಿನಲ್ಲಿ ಸಿಗೋ ಜಗಳ ಸಾಲದಾ?" ಎಂದ. ಅವತ್ತಿನಿಂದ ಇಬ್ಬರೂ ಆ ಮಾತು ಬಿಟ್ಟರು. ಉಪ್ಪಿನ ಡಬ್ಬಿ ಎಲ್ಲಿದೆ, ನೀರು ಬಂತಾ, ಬಟ್ಟೆ ಒಣಗಿತಾ, ಇಷ್ಟರಲ್ಲೇ ಸಂಸಾರ ನಡೆಯಿತು. ಅತ್ತಿಗೆಯ 'ಹಾಗಂದ್ರೆ' ಉತ್ತರವಿಲ್ಲದೆ ಉಳಿಯಿತು. ಅಂದೇ ಉತ್ತರ ಸಿಕ್ಕಿದ್ದರೆ ಈ ಕಥೆಗೆ ಕೆಲಸವಿರುತ್ತಿರಲಿಲ್ಲ.

ವರ್ಷ ಮುಗಿಯುತ್ತ ಬಂದಾಗ ಹೆಡ್ ಮೇಡಂ ಇಬ್ಬರನ್ನೂ ಕೋಣೆಗೆ ಕರೆಸಿದರು. ಮಕ್ಕಳ ಸಂಖ್ಯೆ ಇಳಿದಿದೆ. ಮೂರನೆಯ ಎರಡೂ ವಿಭಾಗದ ಮಕ್ಕಳು ನಾಲ್ಕಕ್ಕೆ ಹೋಗುವಾಗ ಒಂದೇ ತರಗತಿ. ಮಕ್ಕಳ ಜೊತೆಗೇ ಒಬ್ಬ ಟೀಚರ್ ಮುಂದೆ ಹೋಗುತ್ತಾರೆ. ಇನ್ನೊಬ್ಬರಿಗೆ ಈ ಶಾಲೆಯಲ್ಲಿ ಜಾಗವಿಲ್ಲ. ಯಾರೆಂದು ತೀರ್ಮಾನಿಸಲು ಆಡಳಿತ ಮಂಡಳಿಯ ಅಧ್ಯಕ್ಷರು ಖುದ್ದಾಗಿ ಬರುತ್ತಾರೆ.

"ನೀವಿಬ್ಬರೂ ಒಂದೇ ಮನೆಯವರು, ನನಗೆ ಬಹಳ ಸಂಕಟ," ಎಂದರು ಹೆಡ್ ಮೇಡಂ. ಸಂಕಟ ಪಡುವವರ ಮುಖ ಅದಾಗಿರಲಿಲ್ಲ.

ಹೊರಗೆ ಬಂದಾಗ ಅತ್ತಿಗೆ, "ಆಗಿದ್ದಾಗಲಿ," ಎಂದು ತನ್ನ ತರಗತಿಗೆ ಹೋದಳು. ಮಗ್ಗಿ ಮಿಸ್ ಹೋಗಲಿಲ್ಲ. ಆಗಿದ್ದಾಗಲಿ ಅನ್ನುವುದಕ್ಕೆ ಅವಳಿಗೆ ಗಂಡನ ಸಂಬಳವಿದೆ, ಬೀರುವಿದೆ, ಮನೆಯಿದೆ. ತನಗೇನಿದೆ? ಎರಡು ಅಂಕಣ. ಅವಳು ತಿರುಗಿ ಹೆಡ್ ಮೇಡಂ ಕೋಣೆಗೆ ಹೋಗಿ ಬಾಗಿಲು ಮುಂದಕ್ಕೆ ಮಾಡಿದಳು.

"ಮೇಡಂ, ನಾನು ಹೇಳಬಾರದು. ಆದರೂ ಮಕ್ಕಳ ಭವಿಷ್ಯ ನೋಡಿ ಹೇಳ್ತೀನಿ. ವರ್ಷಪೂರ್ತಿ ಪದ್ಯ ಪದ್ಯ ಅಂತ ಹೊತ್ತು ಕಳೆದ್ರು. ಆ ಪದ್ಯವಾದ್ರೂ ಬರುತ್ತಾ? ಮಧ್ಯೆ ಮಧ್ಯೆ ಮರೆತು ನಿಂತುಬಿಡ್ತಾರೆ. ದಿನಾ ಹಲಗೆಯ ಈಚೆ ಕೂತು ಕೇಳ್ತೀನಲ್ಲ. ಅಧ್ಯಕ್ಷರು ಬಂದಾಗ ಮೊದಲು ನನ್ನ ತರಗತಿಗೇ ಕರೆದುಕೊಂಡು ಬನ್ನಿ. ಅವರೇ ಕೇಳಿಸಿಕೊಳ್ಳಲಿ."

ಇದನ್ನು ಅವಳು ಪೂರ್ತಿ ನಂಬಿಯೇ ಹೇಳಿದಳು ಎಂಬುದನ್ನು ಒಪ್ಪಬೇಕು. ಉಪ್ಪು ಖಾರ ಹಚ್ಚಿದ್ದಳು, ನಿಜ. ಸುಳ್ಳು ಹೇಳಿರಲಿಲ್ಲ, ಇನ್ನೂ.

ಅಧ್ಯಕ್ಷರು ಬಂದ ವಾರ ಊರಿಗೆಲ್ಲ ಜ್ವರ. ರಜೆ ಶುರುವಾಗಲು ಎರಡೇ ದಿನ ಉಳಿದಿತ್ತು. ಎ ವಿಭಾಗದಲ್ಲಿ ಅರ್ಧಕ್ಕರ್ಧ ಬೆಂಚು ಖಾಲಿ, ಬಿ ವಿಭಾಗದಲ್ಲೂ ಅಷ್ಟೇ. ಅಧ್ಯಕ್ಷರದು ಸಿಮೆಂಟ್ ವ್ಯಾಪಾರ, ದೊಡ್ಡ ಹೊಟ್ಟೆ, ಕೈಯಲ್ಲಿ ಸದಾ ಕಾರಿನ ಕೀಲಿ. ಅವರೂ ಹೆಡ್ ಮೇಡಮ್ಮೂ ಸದ್ದಿಲ್ಲದೆ ಮಗ್ಗಿ ಮಿಸ್‌ಳ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತರು. ಮಗ್ಗಿ ಮಿಸ್ ತುಟಿಯ ಮೇಲೆ ಬೆರಳಿಟ್ಟು ತನ್ನ ಮಕ್ಕಳನ್ನು ಸುಮ್ಮನಿರಿಸಿದಳು. ಹಲಗೆಯಾಚೆ ಆ ತಿಂಗಳ ಪದ್ಯ ಎದ್ದಿತು.

"ನಮ್ಮ ಶಾಲೆಯ ನಲ್ಲಿಗೆ ನೆಗಡಿ."

ಸದ್ದಿಲ್ಲ.

"ಬಕೆಟ್ ಬಂದು ಕೆಳಗೆ ಕೂತಿತು."

ಸದ್ದಿಲ್ಲ. ಮತ್ತೂ ಸದ್ದಿಲ್ಲ. ಅಧ್ಯಕ್ಷರು ಕೀಲಿಯನ್ನು ಬೆರಳಿನಲ್ಲಿ ತಿರುಗಿಸುತ್ತಾ ಹೆಡ್ ಮೇಡಂ ಮುಖ ನೋಡಿದರು.

"ಟಪ್ ಅಂದದ್ದು ನೀರಲ್ಲ, ಮಾತು."

ಮತ್ತೆ ಅದೇ ಮೌನ, ಈ ಸಲ ಬಹಳ ಉದ್ದ. ಅಧ್ಯಕ್ಷರಿಗೆ ಸಾಕಾಯಿತು. "ಇದಕ್ಕೆ ಒಂದು ವರ್ಷ ಬೇಕಾಯ್ತಾ?" ಎಂದು ಎದ್ದುಬಿಟ್ಟರು. ಹೋಗುವ ಮೊದಲು ಮಗ್ಗಿ ಮಿಸ್‌ಳ ಮಕ್ಕಳಿಂದ ಹನ್ನೆರಡರ ಮಗ್ಗಿ ಹೇಳಿಸಿದರು. ಅದು ಚಾವಣಿಗೆ ಬಡಿದು ಬಂತು. ಮಗ್ಗಿ ಮಿಸ್‌ಗೆ ಅಂದು ಬೆಳಿಗ್ಗೆ ಆದಷ್ಟು ಸಂತೋಷ ಮದುವೆಯ ದಿನವೂ ಆಗಿರಲಿಲ್ಲ.

ಮಧ್ಯಾಹ್ನ ಕೈ ತೊಳೆಯುವ ನಲ್ಲಿಯ ಹತ್ತಿರ ಎ ವಿಭಾಗದ ಲೀಡರ್ ಸಿಕ್ಕಿತು. ಮುಂದಿನ ಎರಡು ಹಲ್ಲು ಬಿದ್ದು ಇನ್ನೂ ಬಾರದ ಹುಡುಗಿ, ಎಲ್ಲರ ಬಾಯಲ್ಲಿ ಬೊಕ್ಕಿ. ಗೆದ್ದ ಹುಮ್ಮಸ್ಸಿನಲ್ಲಿ ಮಗ್ಗಿ ಮಿಸ್‌ಗೆ ಸ್ವಲ್ಪ ಚುಚ್ಚುವ ಮನಸ್ಸಾಯಿತು.

"ಏನೇ ಬೊಕ್ಕಿ, ನಿಮ್ಮ ಮಿಸ್ ಪದ್ಯ ಸರಿಯಾಗಿ ಕಲಿಸಿಲ್ವಾ? ಮಧ್ಯೆ ಮಧ್ಯೆ ಯಾಕೆ ಮರೀತೀರಿ?"

ಬೊಕ್ಕಿ ಕಣ್ಣರಳಿಸಿತು. "ಮರೆಯಲ್ಲ ಮಿಸ್. ಅದು ಬರದೇ ಇರೋರ ಸಾಲು."

"ಅಂದ್ರೆ?"

"ನಮ್ಮಲ್ಲಿ ಒಬ್ಬೊಬ್ರಿಗೆ ಒಂದೊಂದು ಸಾಲು. ಅವರೇ ಕಟ್ಟಿದ್ದು. ಹಾಜರಿ ಹಾಕೋವಾಗ ಯೆಸ್ ಮಿಸ್ ಅನ್ನೋ ಬದಲು ನಮ್ಮ ಸಾಲು ಹೇಳ್ತೀವಿ. ಯಾರಾದ್ರೂ ಬಂದಿಲ್ಲ ಅಂದ್ರೆ ಅವರ ಸಾಲು ಬೇರೆ ಯಾರೂ ಹೇಳಬಾರದು. ಅಷ್ಟು ಹೊತ್ತು ಎಲ್ಲರೂ ಸುಮ್ನಿದ್ದು ಮನಸ್ಸಲ್ಲೇ ಹೇಳ್ಕೋಬೇಕು. ಇಲ್ಲಾಂದ್ರೆ ಅವರು ಬಂದಾಗ ಅವರಿಗೆ ಜಾಗ ಇರಲ್ಲ ಅಂತ ಮಿಸ್ ಹೇಳಿದ್ದಾರೆ." ಒಂದು ಕ್ಷಣ ಯೋಚಿಸಿ ಸೇರಿಸಿತು: "ಎಲ್ಲರೂ ಬಂದ ದಿನ ಪೂರ್ತಿ ಆಗುತ್ತಲ್ಲ, ನಿಮಗೆ ಕೇಳಿಸಿಲ್ವಾ ಮಿಸ್?"

ಕೇಳಿಸಿತ್ತು. ಅದೇ ತೊಂದರೆ. ನಿಂತಲ್ಲೇ ಅವಳಿಗೆ ವರ್ಷವೆಲ್ಲ ಹಿಂದಕ್ಕೆ ಓಡಿತು. ಎ ವಿಭಾಗದ, ತೊದಲುತ್ತಾ ಮಾತಾಡುವ ಗಿಡ್ಡ ಹುಡುಗನೊಬ್ಬನಿಗೆ ಕಾಲು ಮುರಿದಿದ್ದ ತಿಂಗಳು ಬೀಗದ ಪದ್ಯದಲ್ಲಿ ದಿನಾ ಒಂದೇ ಕಡೆ ತೂತು ಬೀಳುತ್ತಿದ್ದುದು, ಅವನು ಬಂದ ದಿನ ಆ ಕಡೆಯ ಮಕ್ಕಳೆಲ್ಲ ಕುಣಿದದ್ದು. ತಾನು ಎದ್ದು ಹೋಗಿ ಹಲಗೆಯನ್ನು ಡಸ್ಟರಿನಿಂದ ಕುಟ್ಟಿದ್ದು. ಎಲ್ಲವೂ ಅರ್ಥವಾಯಿತು. ಅರ್ಥವಾದದ್ದಕ್ಕೆ ಅವಳಿಗೆ ಮೈಯೆಲ್ಲ ಉರಿಯಿತು. ಅತ್ತಿಗೆ ಇದನ್ನೂ ಸುಮ್ಮನೆ, ಯಾರಿಗೂ ಹೇಳಿಕೊಳ್ಳದೆ, ಚೆನ್ನಾಗಿಯೇ ಮಾಡಿದ್ದಳು.

ಸಂಜೆ ಮಕ್ಕಳು ಹೋದ ಮೇಲೆ ಇಬ್ಬರಿಗೂ ಕರೆ ಬಂತು. ಅಧ್ಯಕ್ಷರು ಹೆಡ್ ಮೇಡಮ್ಮಿನ ಕುರ್ಚಿಯಲ್ಲಿ ಕುಳಿತಿದ್ದರು. ಹೆಡ್ ಮೇಡಂ ಪಕ್ಕದ ಸ್ಟೂಲಿಗೆ ಇಳಿದಿದ್ದರು.

"ನಿಮ್ಮ ಮಕ್ಕಳಿಗೆ ನೀವೇ ಕಲಿಸಿದ್ದು ಬರಲ್ಲವಲ್ಲ ತಾಯಿ," ಎಂದರು ಅಧ್ಯಕ್ಷರು, ಅತ್ತಿಗೆಯ ಕಡೆ ಕೀಲಿ ತೋರಿಸಿ.

ಅತ್ತಿಗೆ ವಿಷಯ ಹೇಳಿದಳು. ಬೊಕ್ಕಿ ಹೇಳಿದ್ದನ್ನೇ, ಅದಕ್ಕಿಂತ ಚಿಕ್ಕದಾಗಿ. ಅಧ್ಯಕ್ಷರು ಹೊಟ್ಟೆ ಕುಲುಕಿಸಿ ನಕ್ಕರು. "ಚೆನ್ನಾಗಿದೆ ಕಥೆ! ನಮ್ಮ ಹುಡುಗ ಲೆಕ್ಕದಲ್ಲಿ ಸೊನ್ನೆ ತಂದಾಗ ನಾನೂ ಹೀಗೇ ಹೇಳ್ತೀನಿ, ಬಾರದೇ ಇರೋ ಉತ್ತರಕ್ಕೆ ಜಾಗ ಬಿಟ್ಟಿದ್ದಾನೆ ಅಂತ."

"ಬೇಕಾದರೆ ಜ್ವರ ಬಿಟ್ಟ ಮೇಲೆ ಎಲ್ಲರನ್ನೂ ಕರೆಸಿ ಕೇಳಿ."

"ನಾಡಿದ್ದಿಂದ ರಜೆ. ಇವತ್ತೇ ಬರೆದು ಕೊಟ್ಟು ಹೋಗಬೇಕು ನಾನು."

ಅತ್ತಿಗೆಯ ಮುಖ ಕೆಂಪಾಯಿತು. ಅವಳು ನಾದಿನಿಯ ಕಡೆ ತಿರುಗಿದಳು. ಬೇಡಿಕೊಳ್ಳುವ ನೋಟವಲ್ಲ, ಸವಾಲು ಹಾಕುವ ನೋಟ.

"ಹಾಗಾದ್ರೆ ಇವರನ್ನು ಕೇಳಿ. ಇವರಿಗೆ ನನ್ನ ಕಂಡ್ರೆ ಆಗಲ್ಲ, ಅದು ಶಾಲೆಗೆಲ್ಲ ಗೊತ್ತು. ನನ್ನ ಪರ ಮಾತಾಡೋರಲ್ಲ. ವರ್ಷವೆಲ್ಲ ಪಕ್ಕದಲ್ಲಿ ಕೂತು ಕೇಳಿದ್ದಾರೆ. ಎಲ್ಲ ಮಕ್ಕಳೂ ಬಂದ ದಿನ ಪದ್ಯ ಪೂರ್ತಿ ಆಗ್ತಿತ್ತೋ ಇಲ್ವೋ, ಅವರೇ ಹೇಳಲಿ."

ಕೋಣೆಯ ಕಣ್ಣೆಲ್ಲ ಮಗ್ಗಿ ಮಿಸ್‌ಳ ಮೇಲೆ ಬಿತ್ತು. ಅದೇ ಹೊತ್ತಿಗೆ, ಲೀಡರ್ ಕೆಲಸಕ್ಕೆಂದು ಹಿಂದೆ ಉಳಿದಿದ್ದ ಬೊಕ್ಕಿ ಹಾಜರಿ ಪುಸ್ತಕ ಕೊಡಲು ಬಾಗಿಲಿಗೆ ಬಂದು, ದೊಡ್ಡವರು ಮಾತಾಡುವುದನ್ನು ಕಂಡು ಹೊಸ್ತಿಲಾಚೆ ನಿಂತಿತು. ಮಗ್ಗಿ ಮಿಸ್ ಅದನ್ನು ನೋಡಿದಳು. ನೋಡಲಿಲ್ಲ ಎಂದು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಳು, ಆದರೆ ನೋಡಿದ್ದಳು.

ಹೌದು ಎಂದರೆ ಮುಗಿಯಿತು. ನಾಳೆಯಿಂದ ಅತ್ತಿಗೆ ಬಡಿಸಿದ್ದನ್ನು ತಲೆ ತಗ್ಗಿಸಿ ತಿನ್ನಬೇಕು. ಅವಳು ಆಗಲೂ ಏನೂ ಅನ್ನುವುದಿಲ್ಲ. ಮಗ್ಗಿ ಮಿಸ್‌ಗೆ ತಡೆಯಲಾಗದ್ದು ಅದೇ.

"ಇಲ್ಲ ಸರ್," ಎಂದಳು. "ನಾನು ಒಂದು ದಿನವೂ ಪೂರ್ತಿ ಕೇಳಿಲ್ಲ. ಆ ಮಕ್ಕಳಿಗೆ ಬರಲ್ಲ."

ಅಧ್ಯಕ್ಷರು ಪೆನ್ನು ತೆಗೆದರು. ಅತ್ತಿಗೆ ಜಗಳಕ್ಕೆ ನಿಲ್ಲಲಿಲ್ಲ. ಬಾಗಿಲಲ್ಲಿ ಬೊಕ್ಕಿಯ ಕೈಯಿಂದ ಹಾಜರಿ ಪುಸ್ತಕ ತೆಗೆದುಕೊಂಡು ಮೇಜಿನ ಮೇಲಿಟ್ಟಳು, ಹುಡುಗಿಯ ಹೆಗಲು ಹಿಡಿದು ಹೊರಗೆ ಕರೆದುಕೊಂಡು ಹೋದಳು.

ಮನೆಯಲ್ಲಿ ಆ ರಾತ್ರಿ ಊಟದ ಹೊತ್ತಿಗೆ ಅತ್ತಿಗೆ ಎಂದಿನಂತೆ ತಟ್ಟೆ ಹಾಕಿ ನೀರಿಟ್ಟು, ನಾದಿನಿಗೆ "ನೀವು ಬನ್ನಿ, ಊಟ ಆರಿಹೋಗುತ್ತೆ," ಎಂದಳು. ಅಣ್ಣ ತಲೆಯೆತ್ತಿ ಹೆಂಡತಿಯನ್ನೂ ತಂಗಿಯನ್ನೂ ನೋಡಿದ. ಶಾಲೆಯಲ್ಲಿ ನಾಲ್ಕು ಜನರ ಮುಂದೆ ಬಿಟ್ಟರೆ ಅತ್ತಿಗೆ ಅವಳಿಗೆ ಬಹುವಚನ ಹಚ್ಚಿದ್ದೇ ಇಲ್ಲ. ಅಂದಿನಿಂದ ಮನೆಯಲ್ಲೂ ಅದೇ ಆಯಿತು: ನೀವು ಬನ್ನಿ, ನಿಮ್ಮ ಬಟ್ಟೆ ಒಣಗಿದೆ, ನಿಮಗೆ ಇನ್ನೇನಾದರೂ ಬೇಕಾ. ಹೋಟೆಲಿನಲ್ಲಿ ಗಿರಾಕಿಯನ್ನು ವಿಚಾರಿಸಿದ ಹಾಗೆ. ಮಗ್ಗಿ ಮಿಸ್ ರಜೆ ಮುಗಿಯುವುದನ್ನೇ ಕಾಯುತ್ತಿದ್ದಳು. ತರಗತಿ ತನ್ನದು, ಅಲ್ಲಿಗೆ ಹೋದರೆ ಎಲ್ಲ ಸರಿಹೋಗುತ್ತದೆ.

ನಾಲ್ಕನೇ ತರಗತಿಯ ಮೊದಲ ದಿನ ಹೆಡ್ ಮೇಡಂ ಬಾಗಿಲಲ್ಲೇ ಹಿಡಿದರು. "ನೋಡಿ, ಪದ್ಯ ನಿಲ್ಲಿಸಬೇಡಿ. ಪೋಷಕರಿಗೆ ಅದು ಬಹಳ ಹಿಡಿಸಿತ್ತಂತೆ, ಎಲ್ಲರೂ ಕೇಳ್ತಿದ್ದಾರೆ. ವರ್ಷಪೂರ್ತಿ ಇರಲಿ. ನೀವಾದ್ರೆ ನೆಟ್ಟಗೆ ಕಲಿಸ್ತೀರಿ ಅಂತ ಅಧ್ಯಕ್ಷರಿಗೂ ಹೇಳಿದ್ದೀನಿ."

ಆಗಲಿ, ಅದೇನು ಮಹಾ. ಮಗ್ಗಿ ಮಿಸ್ ಒಳಗೆ ಬಂದಳು. ಬಲಗಡೆ ಅವಳ ಹಳೆಯ ಮಕ್ಕಳು, ಎಡಗಡೆ ಅತ್ತಿಗೆಯ ಮಕ್ಕಳು. ಯಾರೂ ಗೈರುಹಾಜರಿಲ್ಲ. ಅವಳು ಎಡಗಡೆಗೆ ನಗುಮುಖ ಮಾಡಿ, "ಎಲ್ಲಿ, ನಿಮ್ಮ ನಲ್ಲಿ ಪದ್ಯ ಹೇಳಿ. ಇವರೂ ಕಲಿತುಕೊಳ್ಳಲಿ," ಎಂದಳು.

ಯಾರೂ ಹೇಳಲಿಲ್ಲ. ಅವಳು ಮೊದಲ ಸಾಲಿನ ಹುಡುಗನನ್ನು ಎಬ್ಬಿಸಿದಳು. ಅವನು ಕೈಕಟ್ಟಿ ನಿಂತು, "ನಮಗೆ ಬರಲ್ಲ ಮಿಸ್," ಎಂದ. ಎರಡನೆಯವಳೂ ಎದ್ದು ನಿಂತು ಅದನ್ನೇ ಹೇಳಿದಳು. ಮೂರನೆಯವನೂ ಅದನ್ನೇ. ಯಾರ ದನಿಯಲ್ಲೂ ಉದ್ಧಟತನವಿರಲಿಲ್ಲ. ಪಾಠ ಒಪ್ಪಿಸುವಾಗಿನ ವಿನಯವೇ ಇತ್ತು. ಅವಳು ಗದರಿದಳು, ಬೆಂಚಿನ ಮೇಲೆ ನಿಲ್ಲಿಸಿದಳು. ನಿಂತರು. ಆಮೇಲೆ ಪುಸಲಾಯಿಸಿದಳು. ಬಲಗಡೆಯ ಮಕ್ಕಳು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಸೋಲೊಪ್ಪುವುದು ಅವಳಿಗೆ ಹುಟ್ಟಿದಾಗಿನಿಂದ ಗೊತ್ತಿಲ್ಲ.

"ಸುಳ್ಳು! ನಿಮಗೆ ಬರುತ್ತೆ. ನಾನು ಶುರು ಮಾಡ್ತೀನಿ, ನನ್ನ ಹಿಂದೆ ಹೇಳಿ. ನಮ್ಮ ಶಾಲೆಯ ನಲ್ಲಿಗೆ ನೆಗಡಿ."

ಯಾರೂ ತುಟಿ ಎರಡು ಮಾಡಲಿಲ್ಲ.

"ಮೂಗು ಒರೆಸಲು ಯಾರೂ ಇಲ್ಲ. ಬಕೆಟ್ ಬಂದು ಕೆಳಗೆ ಕೂತಿತು. ಅಳಬೇಡ ಅಂತ ಹೇಳಲಿಲ್ಲ."

ನಿಲ್ಲಿಸಬೇಕು ಎಂದುಕೊಂಡಳು. ಸಿಟ್ಟಿನ ಭರಕ್ಕೆ ಬಾಯಿ ನಿಲ್ಲಲಿಲ್ಲ. ಒಂದೊಂದು ಸಾಲೂ ಅದರದರ ದನಿಯ ಸಮೇತ ನೆನಪಿತ್ತು. ಅವಳ ಕಣ್ಣು ತಾನಾಗಿ ಆಯಾ ಸಾಲಿನ ಮಗುವಿನ ಮುಖದ ಮೇಲೆ ಹೋಗಿ ನಿಂತು, ಅಲ್ಲಿಂದ ಮುಂದಿನ ಮುಖಕ್ಕೆ ಸರಿಯುತ್ತಿತ್ತು. "ಟಪ್ ಅಂದದ್ದು ನೀರಲ್ಲ, ಮಾತು," ಎಂದಾಗ ಕಣ್ಣು ಬೊಕ್ಕಿಯ ಮೇಲಿತ್ತು. ಅಲ್ಲಿಂದ ಕೊನೆಯ ಬೆಂಚಿನ ಕೊನೆಯ ಹುಡುಗಿಯವರೆಗೆ, ಎಲ್ಲೂ ಒಂದು ಸಾಲು ಬಿಡದೆ, ಅವಳೊಬ್ಬಳೇ ಪದ್ಯ ಮುಗಿಸಿದಳು.

ಬೊಕ್ಕಿ ಬೆರಳೆತ್ತಿತು. ರಜೆಯಲ್ಲಿ ಅದಕ್ಕೆ ಒಂದು ಹಲ್ಲು ಅರ್ಧ ಬಂದಿತ್ತು.

"ಏನು?" ಎಂದಳು ಮಗ್ಗಿ ಮಿಸ್.

"ನಿಮಗೆ ಪೂರ್ತಿ ಬರುತ್ತಲ್ಲ ಮಿಸ್," ಎಂದಿತು ಹುಡುಗಿ. ಅದರ ಮುಖದಲ್ಲಿ ಕುಹಕವಿರಲಿಲ್ಲ, ಸಿಟ್ಟೂ ಇರಲಿಲ್ಲ. ಲೆಕ್ಕ ತಾಳೆಯಾಗದವರ ಗೊಂದಲವಿತ್ತು, ಅಷ್ಟೇ. "ಒಂದು ದಿನಾನೂ ಪೂರ್ತಿ ಕೇಳಿಲ್ಲ ಅಂದ್ರಿ. ಮತ್ತೆ ಹೇಗೆ ಬಂತು?"

ಎಡಗಡೆಯ ಮಕ್ಕಳೆಲ್ಲ ಉತ್ತರಕ್ಕಾಗಿ ಅವಳನ್ನೇ ನೋಡುತ್ತಿದ್ದರು. ಬಲಗಡೆಯವರೂ ನೋಡುತ್ತಿದ್ದರು. ಮಗ್ಗಿ ಮಿಸ್ ಬಾಯಿ ತೆರೆದಳು, ಏನೂ ಬರಲಿಲ್ಲ.